ಎರಡು ಹೆಸರಿನ ಒಂದೇ ಮಾತ್ರೆ

17 ಜುಲೈ 2025, ಗುರುವಾರ
ಶಿವಮೊಗ್ಗ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಅಪ್ಪಯ್ಯನ ಶುಗರ್ ಮಾತ್ರೆ ಮುಗಿಯುತ್ತಾ ಬಂದಿತ್ತು. ಸಂಜೆ ಇಬ್ಬರೂ ಒಂದೇ ಕೊಡೆಯಲ್ಲಿ ದುರ್ಗಿಗುಡಿಗೆ ಹೋದೆವು.

ಮೆಡಿಕಲ್ ಶಾಪಿನ ಹುಡುಗಿ ಚೀಟಿ ನೋಡಿದವಳು ಮಾತ್ರೆ ತೆಗೆಯಲಿಲ್ಲ. "ಯಜಮಾನ್ರೇ, ಈಗ ಮನೇಲಿ ಏನೇನು ತಗೊಳ್ತಿದ್ದೀರಿ?" ಅಂದಳು. ಅಪ್ಪಯ್ಯ ಕೈಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ತೆಗೆದುಕೊಟ್ಟರು. ಅವಳು ಒಂದೊಂದೇ ಸ್ಟ್ರಿಪ್ ಬೆನ್ನು ತಿರುಗಿಸಿ, ದೊಡ್ಡ ಹೆಸರು ಬಿಟ್ಟು, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಉಗುರು ಇಟ್ಟು ಓದಿದಳು. ಎರಡನ್ನು ಪಕ್ಕಕ್ಕಿಟ್ಟಳು. ಕಂಪನಿ ಬೇರೆ, ಹೆಸರು ಬೇರೆ. ಎರಡರ ಒಳಗಿರುವುದೂ ಶುಗರ್ ಇಳಿಸುವ ಅದೇ ಎರಡು ಔಷಧಿ: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್.

"ಎರಡೂ ನುಂಗ್ತೀರಾ?"

"ಹೌದಲ್ಲ. ಎರಡೂ ಡಾಕ್ಟರು ಬರೆದಿದ್ದೇ."

ಒಂದು ಊರಿನ ಡಾಕ್ಟರದ್ದು. ಇನ್ನೊಂದು ಹೋದ ತಿಂಗಳು ಜ್ವರಕ್ಕೆ ಬೇರೆ ಕಡೆ ತೋರಿಸಿದಾಗ ಬರೆದದ್ದು. ಹಳೆಯದು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಬೆವರು, ಕೈ ನಡುಕ ಏನಾದ್ರೂ ಬರುತ್ತಾ?"

ಅಪ್ಪಯ್ಯ ನನ್ನ ಕಡೆ ನೋಡದೆ ಹೇಳಿದರು, "ತೋಟದಲ್ಲಿ ಎರಡು ಸಲ ಆಗಿತ್ತು. ವಯಸ್ಸಾಯ್ತಲ್ಲ ಅಂದ್ಕೊಂಡೆ."

ಎರಡು ಸಲ! ಶುಗರ್ ತೀರಾ ಇಳಿದರೆ ಹಾಗಾಗುತ್ತದಂತೆ. ಅದೂ ಹಳ್ಳದ ಸಂಕ ದಾಟಿ ಒಬ್ಬರೇ ಹೋಗುವ ತೋಟ.

ಗ್ಲಿಮೆಪಿರೈಡ್ ಹೊಟ್ಟೆಗೆ ತಿಂಡಿ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲವಂತೆ, ಮೈಯಿಂದ ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಇವರು ಆರಕ್ಕೆ ಮಾತ್ರೆ ನುಂಗಿ, ಪೂಜೆ ಮುಗಿಸಿ, ತೋಟ ಸುತ್ತಿ, ಒಂಬತ್ತೂವರೆಗೆ ದೋಸೆ ತಿನ್ನುವವರು. ಅದೂ ಎರಡು ಪಾಲು ಮಾತ್ರೆ. ಆ ಹುಡುಗಿ ತಾನಾಗಿ ಯಾವುದನ್ನೂ ನಿಲ್ಲಿಸಲಿಲ್ಲ. ಊರಿನ ಡಾಕ್ಟರಿಗೆ ಅಲ್ಲೇ ಫೋನ್ ಹಚ್ಚಿದಳು. ಒಂದೇ ಸಾಕು, ತಿಂಡಿಗೆ ಕೂರುವಾಗ ತಗೊಳ್ಳಲಿ ಅಂದರು ಅವರು. ಅದನ್ನೇ ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟಳು.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮನೆಗೆ ಬಂದವಳೇ ಅಪ್ಪಯ್ಯನ ಎಲೆಅಡಿಕೆ ಸಂಚಿಯಲ್ಲಿ ಸಕ್ಕರೆ ಪೊಟ್ಟಣ ಇಟ್ಟೆ. "ಇರುವೆ ಬರುತ್ತೆ" ಅಂದರು. ಬರಲಿ.

ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ. ನಾಲ್ಕು ದಿನದಿಂದ ಮಾತ್ರೆ ಕೊಟ್ಟವಳು ನಾನೇ ಅಲ್ವಾ.

ಕರೆಂಟ್ ಹೋಯಿತು. ಆಗುಂಬೆ ಕಡೆ ಅತ್ತೆ ಮನೆಯಲ್ಲಿ ನಿನ್ನೆಯಿಂದ ಇಲ್ಲವಂತೆ. ಅವರ ಇನ್ಸುಲಿನ್ ಫ್ರಿಜ್ಜಿನಲ್ಲಿದೆ. ಬಳಸುತ್ತಿರುವ ಬಾಟಲಿ ಈ ತಂಪಿನಲ್ಲಿ ಹೊರಗಿದ್ದರೂ 28 ದಿನ ಕೆಡುವುದಿಲ್ಲ ಅಂತ ಕೇಳಿಕೊಂಡು ಬಂದೆ. ಒಲೆ ಹತ್ತಿರ ಇಡಬಾರದು ಅಷ್ಟೇ. ಆದರೆ ಸಿರಿಂಜು? ಬಾಟಲಿ ಮೇಲೆ 40 (ಒಂದು ಎಂಎಲ್‌ಗೆ 40 ಯೂನಿಟ್) ಅಂತಿದ್ದರೆ ಕೆಂಪು ಮುಚ್ಚಳದ್ದೇ ಆಗಬೇಕು, ಕಿತ್ತಳೆ ಬಣ್ಣದ್ದು 100ರದ್ದು. ಅದಲುಬದಲಾದರೆ ಅಳತೆಯೇ ತಪ್ಪುತ್ತದೆ. ಅತ್ತೆಗೆ ತಂದುಕೊಡುವವನು ಪಕ್ಕದ ಮನೆ ಹುಡುಗ. ಮೂರು ಸಲ ಫೋನ್ ಮಾಡಿದೆ, ಸಿಗ್ನಲ್ ಇಲ್ಲ. ಹೋದ ಸಲ ಹೋದಾಗ ಕಿಟಕಿಯಲ್ಲಿ ನೋಡಿದ್ದು ಕೆಂಪೋ ಅಥವಾ ಕಿತ್ತಳೆಯೋ?