ಯ ಎಲ್ಲಿ?

ಕೆಂಪು ಇಂಕಿನಲ್ಲಿ ಎರಡೇ ಪದ: ‘ಯ ಎಲ್ಲಿ?’

ಹತ್ತನೇ ತರಗತಿಯ ಒಂದು ಕಿರುಪರೀಕ್ಷೆ ಅದು. ಉತ್ತರ ಪತ್ರಿಕೆಯ ಅಂಚಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಬರೆದ ಆ ಪ್ರಶ್ನೆ ಇವತ್ತಿಗೂ ಕಣ್ಣ ಮುಂದಿದೆ. ಕೊಟ್ಟಿದ್ದ ಲೆಕ್ಕ ಇದು: ಯ⁴ − 13ಯ² + 36 = 0. ನಾನು ಯ² = ಕ ಎಂದು ಇಟ್ಟುಕೊಂಡೆ. ಕ² − 13ಕ + 36 = 0 ಆಯಿತು. ಅಪವರ್ತಿಸಿದೆ, (ಕ − 4)(ಕ − 9) = 0. ಕ = 4 ಅಥವಾ ಕ = 9. ಸ್ಕೇಲ್ ಇಟ್ಟು ಉತ್ತರದ ಕೆಳಗೆ ಎರಡು ಗೆರೆ ಎಳೆದು ಪೇಪರ್ ಕೊಟ್ಟು ಬಂದೆ. ನಾಲ್ಕು ಅಂಕದ ಲೆಕ್ಕಕ್ಕೆ ಎರಡು ಅಂಕ ಬಂತು.

ಪೇಪರ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದೆ. “ಸಾರ್, ಎಲ್ಲಾ ಸರಿ ಇದೆಯಲ್ಲ?” ಎಂದೆ.

“ಸರಿ ಇದೆ ಕಣೋ. ಆದರೆ ಕ ಅನ್ನೋದು ನೀನು ಇಟ್ಟ ಹೆಸರು. ಲೆಕ್ಕ ಕೇಳಿದ್ದು ಯಾರನ್ನ?”

ಯ² = 4 ಆದರೆ ಯ ಅಂದರೆ 2 ಅಥವಾ −2. ಯ² = 9 ಆದರೆ 3 ಅಥವಾ −3. ಒಟ್ಟು ನಾಲ್ಕು ಮೂಲಗಳು. ನಾನು ನಾಲ್ಕರಲ್ಲಿ ಒಂದನ್ನೂ ಬರೆದಿರಲಿಲ್ಲ.

ಎಕ್ಸ್ ಬಿಟ್ಟು ಯ ಯಾಕೆ ಬಂತು ಅಂತ ಈಗಿನ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ವರ್ಗಸಮೀಕರಣದ, ಅಂದರೆ ಗೊತ್ತಿಲ್ಲದ ಸಂಖ್ಯೆಯ ವರ್ಗ ಇರುವ ಸಮೀಕರಣದ, ಪಾಠಕ್ಕೆ ಮಾತ್ರ ನಮ್ಮ ಮೇಷ್ಟ್ರು ಎಕ್ಸ್, ವೈ ಎರಡನ್ನೂ ಪಕ್ಕಕ್ಕಿಡುತ್ತಿದ್ದರು. ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ ಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್-ತಾವತ್’ ಎಂದು ಕರೆದರು. ‘ಎಷ್ಟಿದೆಯೋ ಅಷ್ಟು’ ಅಂತ ಅರ್ಥ. ಬರೆಯುವಾಗ ಚಿಕ್ಕದಾಗಿ ‘ಯಾ’. ಗೊತ್ತಿಲ್ಲದ್ದು ಇನ್ನೊಂದಿದ್ದರೆ ಅದಕ್ಕೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ. ಅಂದರೆ ಕಪ್ಪು, ನೀಲಿ, ಹಳದಿ. ಇದು ಮೇಷ್ಟ್ರಿಗೆ ತುಂಬ ಇಷ್ಟವಾಗಿತ್ತು. ಬೋರ್ಡ್ ಮೇಲೆ ಅವರ ಯ ಯಾವಾಗಲೂ ಬಿಳಿ ಚಾಕ್‌ಪೀಸಿನಲ್ಲಿ. ನಡುವೆ ನಾವು ಇಟ್ಟುಕೊಳ್ಳುವ ಕ ಮಾತ್ರ ಹಳದಿಯಲ್ಲಿ. “ಕೊನೇ ಸಾಲಲ್ಲಿ ಹಳದಿ ಕಂಡರೆ ಲೆಕ್ಕ ಮುಗಿದಿಲ್ಲ ಅಂತ ತಿಳ್ಕೊಳ್ಳಿ” ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ನನ್ನ ಕೈಯಲ್ಲಿ ಇದ್ದದ್ದು ಒಂದೇ ನೀಲಿ ಪೆನ್ನು. ಹಳದಿ ನೆನಪಾಗಲಿಲ್ಲ.

ಆದರೆ ಆ ಪಾಠ ಶುರುವಾಗಿದ್ದು ಚಾಕ್‌ಪೀಸಿನಿಂದಲ್ಲ, ಕತ್ತರಿಯಿಂದ. ಮೊದಲ ದಿನ ಮೇಷ್ಟ್ರು ದಪ್ಪ ಡ್ರಾಯಿಂಗ್ ಶೀಟಿನ ಎರಡು ತುಂಡು ತಂದಿದ್ದರು. ಒಂದು ಚೌಕ, ಇನ್ನೊಂದು ಉದ್ದನೆಯ ಆಯತ. ಬೋರ್ಡ್ ಮೇಲೆ ಬರೆದರು: ಯ² + 10ಯ = 39. “ಈ ಚೌಕದ ಬಾಹು ಯ. ಹಾಗಾದರೆ ಇದರ ವಿಸ್ತೀರ್ಣ ಯ². ಈ ಆಯತ ಒಂದು ಕಡೆ ಯ, ಇನ್ನೊಂದು ಕಡೆ 10. ಎರಡೂ ಸೇರಿ 39. ಈಗ ಇವೆರಡನ್ನೂ ಸೇರಿಸಿ ಒಂದೇ ಚೌಕ ಮಾಡಿ ನೋಡೋಣ” ಎಂದರು.

ಮುಂದಿನ ಬೆಂಚಿನ ಹುಡುಗಿ ಎದ್ದು ಹೋಗಿ ಆಯತವನ್ನು ಚೌಕದ ಪಕ್ಕಕ್ಕೆ ಇಟ್ಟಳು. ಉದ್ದ ಆಯಿತು, ಚೌಕ ಆಗಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂತಿದ್ದೆವು. ಆಮೇಲೆ ಅವಳೇ ಕತ್ತರಿ ಕೇಳಿದಳು. ಆಯತವನ್ನು ಎರಡು ಪಟ್ಟಿಯಾಗಿ ಕತ್ತರಿಸಿದಳು, ಒಂದೊಂದರ ಅಗಲ 5. ಒಂದು ಪಟ್ಟಿಯನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಜೋಡಿಸಿದಳು. ಈಗ ಹೆಚ್ಚು ಕಡಿಮೆ ಚೌಕ ಆಗಿತ್ತು. ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ಒಂದು ಸಣ್ಣ ಜಾಗ ಖಾಲಿ.

“ಆ ಮೂಲೆ ಎಷ್ಟು?” ಎಂದರು ಮೇಷ್ಟ್ರು.

“ಐದೈದಲಿ ಇಪ್ಪತ್ತೈದು ಸಾರ್!”

ಇಡೀ ತರಗತಿ ಒಟ್ಟಿಗೆ ಕೂಗಿತ್ತು. ಮೂಲೆ ತುಂಬಿದರೆ 39ಕ್ಕೆ 25 ಸೇರಿ 64. ದೊಡ್ಡ ಚೌಕದ ಬಾಹು 8. ಅದರಲ್ಲಿ ಪಟ್ಟಿಯ 5 ಕಳೆದರೆ ಯ = 3. ವರ್ಗ ಪೂರ್ಣಗೊಳಿಸುವುದು ಅಂದರೆ ಇಷ್ಟೇ. ಖಾಲಿ ಮೂಲೆಯನ್ನು ತುಂಬುವುದು. ಸಹಗುಣಕದ, ಅಂದರೆ ಯ ಮುಂದೆ ಗುಣಿಸಿ ನಿಂತ ಸಂಖ್ಯೆಯ (ಇಲ್ಲಿ 10), ಅರ್ಧದ ವರ್ಗ ಯಾಕೆ ಕೂಡಿಸುತ್ತೇವೆ ಅಂತ ಆಮೇಲೆ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಅರ್ಧ ಯಾಕೆ? ಪಟ್ಟಿ ಎರಡಾಗಿತ್ತು. ವರ್ಗ ಯಾಕೆ? ಮೂಲೆ ಚೌಕವಾಗಿತ್ತು.

ಇದು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ತನ್ನ ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಆಲ್ಜೀಬ್ರಾ ಎಂಬ ಮಾತು ಬಂದದ್ದೂ ಆ ಪುಸ್ತಕದ ಹೆಸರಿನಲ್ಲಿರುವ ‘ಅಲ್-ಜಬ್ರ್’ ಎಂಬ ಪದದಿಂದ. ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: “ಸಾರ್, −8ರ ವರ್ಗವೂ 64 ಅಲ್ವಾ?” ಮೇಷ್ಟ್ರ ಮುಖ ಅರಳಿತು. ಹೌದು, ಯ + 5 = −8 ಆದರೆ ಯ = −13. ತಾಳೆ ನೋಡಿದೆವು: 169 − 130 = 39. ಸರಿಯಾಗಿದೆ! ಅಲ್-ಖ್ವಾರಿಜ್ಮಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಯ ಒಂದು ಉದ್ದ, ಉದ್ದ ಋಣವಾಗೋದು ಹೇಗೆ? “ಕಾಗದಕ್ಕೆ ಒಂದೇ ಉತ್ತರ ಸಾಕು. ಸಮೀಕರಣಕ್ಕೆ ಎರಡೂ ಬೇಕು” ಎಂದರು ಮೇಷ್ಟ್ರು.

ವರ್ಗಸಮೀಕರಣವನ್ನು ನೇರವಾಗಿ ಬಿಡಿಸುವ ಸೂತ್ರವನ್ನು ಮೇಷ್ಟ್ರು ಬಹಳ ತಡವಾಗಿ ಕೊಟ್ಟರು. ಪಕ್ಕದ ಸೆಕ್ಷನ್‌ನವರು ಆಗಲೇ ಬಾಯಿಪಾಠ ಮಾಡಿ ಮುಗಿಸಿದ್ದರು. ನಮಗೆ ಹೊಟ್ಟೆಯಲ್ಲಿ ಭಯ. ಆದರೆ ಮೇಷ್ಟ್ರು ಮಾಡಿದ್ದೇ ಸರಿ ಅಂತ ನಾನು ಇವತ್ತೂ ನಂಬುತ್ತೇನೆ. ಖಾಲಿ ಮೂಲೆ ನೋಡದೆ ಸೂತ್ರ ಕಲಿತವರಿಗೆ ಅದು ಒಂದು ಮಂತ್ರ. ನೋಡಿ ಕಲಿತವರು ಸೂತ್ರ ಮರೆತರೂ ಮತ್ತೆ ಕಟ್ಟಿಕೊಳ್ಳುತ್ತಾರೆ.

ಸೂತ್ರಕ್ಕೆ ಮೊದಲು, ಭಾಸ್ಕರಾಚಾರ್ಯರಿಗಿಂತ ಹಿಂದಿನ ಗಣಿತಜ್ಞ ಶ್ರೀಧರಾಚಾರ್ಯರ ಉಪಾಯ ಹೇಳಿಕೊಟ್ಟರು. ಭಾಸ್ಕರಾಚಾರ್ಯರು ಅವರ ಹೆಸರು ಹೇಳಿಯೇ ಅದನ್ನು ಎತ್ತಿ ಕೊಟ್ಟಿದ್ದಾರೆ. ಮೊದಲ ಪದದ ಸಹಗುಣಕದ ನಾಲ್ಕು ಪಟ್ಟಿನಿಂದ ಎರಡೂ ಬದಿಯನ್ನು ಗುಣಿಸು, ಮಧ್ಯಪದದ ಸಹಗುಣಕದ ವರ್ಗವನ್ನು ಕೂಡಿಸು. ಅಷ್ಟೇ, ಭಿನ್ನರಾಶಿಯ ಗಲಾಟೆ ಇಲ್ಲ. 2ಕ² − 9ಕ + 10 = 0 ತೆಗೆದುಕೊಳ್ಳಿ. 8ರಿಂದ ಗುಣಿಸಿದರೆ 16ಕ² − 72ಕ = −80. ಎರಡೂ ಕಡೆ 81 ಕೂಡಿಸಿದರೆ (4ಕ − 9)² = 1. ಬಲಬದಿಯಲ್ಲಿ ಉಳಿದ ಆ 1 ಇದೆಯಲ್ಲ, ಅದೇ ಶೋಧಕ. ಅದು ಸೊನ್ನೆಗಿಂತ ಕಡಿಮೆ ಆಗಿದ್ದರೆ ವಾಸ್ತವ ಮೂಲ ಇಲ್ಲ ಅನ್ನೋದು ಅಲ್ಲೇ ಕಾಣುತ್ತದೆ, ಯಾಕಂದ್ರೆ ಎಡಬದಿ ಒಂದು ವರ್ಗ. ಇಲ್ಲಿ 4ಕ − 9 ಅಂದರೆ 1 ಅಥವಾ −1. ಕ = 5/2 ಅಥವಾ 2.

ಈ ಸಮೀಕರಣ ಸುಮ್ನೆ ಬಂದದ್ದಲ್ಲ. ಅದರ ಹಿಂದೆ ಒಂದು ದೊಡ್ಡ ಲೆಕ್ಕ ಇತ್ತು:

2ಯ⁴ − 9ಯ³ + 14ಯ² − 9ಯ + 2 = 0

ಮೇಷ್ಟ್ರು ಇದನ್ನು ಬರೆದು ಕೈ ಕಟ್ಟಿ ನಿಂತರು. “ಬಿಡಿಸಬೇಡಿ. ಬರೀ ನೋಡಿ.” ಎರಡು ನಿಮಿಷ ಆಯಿತು. ಸಹಗುಣಕಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಅಂತ ಯಾರೋ ಹೇಳಿದರು. 2, −9, 14, −9, 2. ಯ ಸೊನ್ನೆಯಂತೂ ಅಲ್ಲ, ಸೊನ್ನೆ ಹಾಕಿದರೆ 2 ಉಳಿಯುತ್ತದೆ. ಹಾಗಾಗಿ ಇಡೀ ಸಮೀಕರಣವನ್ನು ಯ²ದಿಂದ ಭಾಗಿಸಬಹುದು. ಜೋಡಿಗಳು ಹತ್ತಿರ ಬಂದವು: 2(ಯ² + 1/ಯ²) − 9(ಯ + 1/ಯ) + 14 = 0. ಈಗ ಹಳದಿ ಚಾಕ್‌ಪೀಸ್ ಬಂತು. ಯ + 1/ಯ = ಕ. ಅದರ ವರ್ಗ ಮಾಡಿದರೆ ಯ² + 1/ಯ² + 2, ಆದ್ದರಿಂದ ಯ² + 1/ಯ² = ಕ² − 2. ಹಾಕಿ ಸುಲಭಗೊಳಿಸಿದರೆ ಮೇಲಿನ ಸಮೀಕರಣವೇ. ನಾಲ್ಕನೇ ಘಾತ ಎರಡಕ್ಕೆ ಇಳಿಯಿತು. ಆಮೇಲೆ ವಾಪಸ್ ಬಿಳಿಗೆ. ಯ + 1/ಯ = 2 ಆದರೆ ಯ = 1, ಎರಡು ಸಲ. ಯ + 1/ಯ = 5/2 ಆದರೆ ಯ = 2 ಅಥವಾ 1/2. ಆ ದಿನ ಬೋರ್ಡ್ ತುಂಬ ಹಳದಿ ಬಿಳಿ ಹೆಣೆದುಕೊಂಡಿತ್ತು. ಅದನ್ನು ಒರೆಸಲು ನನಗೆ ಮನಸ್ಸೇ ಬರಲಿಲ್ಲ.

ಆ ಎರಡು ವಾರದಲ್ಲಿ ನಾನು ಕಲಿತಿದ್ದು ಬಿಡಿಸುವುದಕ್ಕಿಂತ ಜಾಸ್ತಿ ನೋಡುವುದನ್ನು. 4ರ ಮೇಲೆ ಘಾತವಾಗಿ ಯ ಇದ್ದರೆ ಅದು 2ರ ಮೇಲೆ ಯ ಇರುವುದರ ವರ್ಗ, ಅಷ್ಟು ಕಂಡರೆ ಅದೂ ವರ್ಗಸಮೀಕರಣವೇ. ಭಾಸ್ಕರಾಚಾರ್ಯರ ಇನ್ನೊಂದು ಪುಸ್ತಕ ‘ಲೀಲಾವತಿ’ಯ ದುಂಬಿಗಳ ಲೆಕ್ಕವೂ ಹಾಗೇ. ದುಂಬಿಗಳ ಹಿಂಡಿನ ಅರ್ಧದ ವರ್ಗಮೂಲದಷ್ಟು ಮಾಲತಿ ಹೂವಿಗೆ ಹೋದವು, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಹೋದವು. ಒಂದು ಗಂಡು ದುಂಬಿ ರಾತ್ರಿ ತಾವರೆಯೊಳಗೆ ಸಿಕ್ಕಿಬಿದ್ದು ಗುಂಯ್‌ಗುಡುತ್ತಿದೆ, ಹೊರಗೆ ಅದರ ಹೆಣ್ಣು ಉತ್ತರ ಕೊಡುತ್ತಿದೆ. ಒಟ್ಟು ಎಷ್ಟು? ಹಿಂಡನ್ನೇ ಯ ಎಂದುಕೊಂಡರೆ ವರ್ಗಮೂಲ ಕಾಟ ಕೊಡುತ್ತದೆ. ಹಿಂಡು 2ಕ² ಎಂದುಕೊಂಡರೆ ಅದರ ಅರ್ಧದ ಮೂಲ ಬರೀ ಕ. ಕೊನೆಗೆ 2ಕ² − 9ಕ − 18 = 0, ಕ = 6. ನಾನು ಈ ಸಲ 6 ಎಂದು ನಿಲ್ಲಲಿಲ್ಲ. 2 × 36 = 72 ದುಂಬಿಗಳು. 6 + 64 + 2. ತಾಳೆಯಾಯಿತು.

ಆ ಸಮೀಕರಣಕ್ಕೆ −3/2 ಎಂಬ ಇನ್ನೊಂದು ಮೂಲವೂ ಇತ್ತು. ಅದನ್ನು ಬಿಡಬೇಕಾಯಿತು, ಯಾಕಂದ್ರೆ ಅಷ್ಟು ದುಂಬಿ ಹೂವಿಗೆ ಹೋಗಲಾರವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದರಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. ಯ = √ಯ + 6 ಎಂಬ ಲೆಕ್ಕದಲ್ಲಿ √ಯ = ಕ ಎಂದಿಟ್ಟರೆ ಕ = 3 ಅಥವಾ −2. ನಾವೆಲ್ಲ 9, 4 ಎಂದು ಬರೆದೆವು. “4 ಹಾಕಿ ನೋಡಿ” ಎಂದರು. 2 + 6 ಅಂದರೆ 8, 4 ಅಲ್ಲ. ಹಳದಿಯಿಂದ ಬಿಳಿಗೆ ಬಂದರೆ ಸಾಲದು, ಬಂದ ಉತ್ತರವನ್ನು ಮೊದಲ ಸಾಲಿಗೆ ಹಾಕಿ ನೋಡಲೇಬೇಕು.

ಭಾಸ್ಕರಾಚಾರ್ಯರಿಗೂ ಇದೇ ಕಾಳಜಿ ಇತ್ತು ಅಂತ ತಿಳಿದಾಗ ನನಗೆ ಆದ ಖುಷಿ ಹೇಳತೀರದು. ಅವರ ಬೀಜಗಣಿತದಲ್ಲಿ ಎರಡು ಕೋತಿ ಲೆಕ್ಕಗಳಿವೆ. ಒಂದರಲ್ಲಿ ಹಿಂಡಿನ ಎಂಟನೇ ಒಂದು ಪಾಲಿನ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಉತ್ತರ 16 ಅಥವಾ 48, ಎರಡನ್ನೂ ಅವರು ಒಪ್ಪುತ್ತಾರೆ. ಇನ್ನೊಂದರಲ್ಲಿ ಐದನೇ ಒಂದು ಪಾಲಿನಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಗುಹೆಗೆ ಹೋದವು, ಒಂದು ಮಾತ್ರ ಕೊಂಬೆ ಮೇಲೆ ಕಾಣುತ್ತಿದೆ. ಉತ್ತರ 50 ಅಥವಾ 5. ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಆದರೆ 5 ಕೋತಿಗಳಾದರೆ ಐದನೇ ಪಾಲು 1, ಅದರಲ್ಲಿ 3 ಹೇಗೆ ಕಳೆಯುವುದು? ಅದಕ್ಕೇ ಅವರು 5 ಬಿಟ್ಟು 50 ಇಟ್ಟುಕೊಂಡರು. ನಾನು ಆ ದಿನ ನೋಟ್ಸಿನಲ್ಲಿ ಎರಡೂ ಉತ್ತರ ಬರೆದು, 5ರ ಪಕ್ಕದಲ್ಲಿ ‘ಯಾಕೆ ಬೇಡ?’ ಎಂದು ಬರೆದುಕೊಂಡಿದ್ದೆ. ಆ ನೋಟ್‌ಬುಕ್ ಈಗಲೂ ಇದೆ.

ಪಾಠದ ಕೊನೆಯ ದಿನ ಕೊಟ್ಟ ಲೆಕ್ಕ: (ಯ + 1)(ಯ + 2)(ಯ + 3)(ಯ + 4) = 120. ಸುಮ್ಮನೆ ಗುಣಿಸಲು ಹೊರಟವರು ಎರಡು ಪುಟ ತುಂಬಿಸಿದರು. ಹೊರಗಿನ ಎರಡನ್ನು ಒಟ್ಟಿಗೆ, ಒಳಗಿನ ಎರಡನ್ನು ಒಟ್ಟಿಗೆ ಗುಣಿಸಿದರೆ ಎರಡರಲ್ಲೂ ಯ² + 5ಯ ಇರುತ್ತದೆ. ಒಂದಕ್ಕೆ 4, ಇನ್ನೊಂದಕ್ಕೆ 6 ಸೇರಿರುತ್ತದೆ. ನಾನು ಯ² + 5ಯ = ಕ ಎಂದಿಟ್ಟೆ. ಮೊದಲ ದಿನ ಕತ್ತರಿ ಕೇಳಿದ ಹುಡುಗಿ ಮಾತ್ರ 4 ಮತ್ತು 6ರ ನಡುವಿನ 5 ಹಿಡಿದಳು. ಯ² + 5ಯ + 5 = ಕ ಎಂದಿಟ್ಟಳು. ಆಗ (ಕ − 1)(ಕ + 1) = 120. ಅಂದರೆ ಕ² = 121, ಕ = ±11. ಬಾಯಲ್ಲೇ ಮುಗಿಯಿತು. 11 ಆದರೆ ಯ = 1 ಅಥವಾ −6. −11 ಆದರೆ ಶೋಧಕ −39, ವಾಸ್ತವ ಮೂಲವಿಲ್ಲ.

ಮೇಷ್ಟ್ರು ಅವಳ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸಿದರು. ಆಮೇಲೆ ಕೇಳಿದರು: “ಹಾಗಾದರೆ ಒಂದರ ಪಕ್ಕ ಒಂದಿರುವ ಯಾವುದೇ ನಾಲ್ಕು ಪೂರ್ಣಸಂಖ್ಯೆ ಗುಣಿಸಿ 1 ಕೂಡಿಸಿದರೆ ಏನಾಗುತ್ತೆ?” ನಾವು 1, 2, 3, 4 ತೆಗೆದುಕೊಂಡೆವು: 25. ಆಮೇಲೆ 3, 4, 5, 6: 361, ಅಂದರೆ 19ರ ವರ್ಗ. ಪ್ರತಿ ಸಲವೂ ಪೂರ್ಣವರ್ಗ. ತರಗತಿಯಲ್ಲಿ ಗದ್ದಲವೋ ಗದ್ದಲ.

ಗಂಟೆ ಹೊಡೆಯಿತು. ಮೇಷ್ಟ್ರು ಬೋರ್ಡ್ ಒರೆಸಿ ಬಿಳಿ ಚಾಕ್‌ಪೀಸಿನಲ್ಲಿ ಇನ್ನೊಂದು ಸಾಲು ಬರೆದರು. ಅದನ್ನು ಈಗ ಆ ಬೆಂಚುಗಳಲ್ಲಿ ಕೂತಿರುವವರಿಗಾಗಿ ಇಲ್ಲಿ ಹಾಗೇ ಬರೆದಿಡುತ್ತೇನೆ, ಬಿಡಿಸುವುದಿಲ್ಲ:

ಯ(ಯ + 1)(ಯ + 2)(ಯ + 3) = 5040

ಆಮೇಲೆ ಹಳದಿ ಚಾಕ್‌ಪೀಸನ್ನು ಮುಂದಿನ ಬೆಂಚಿನ ಮೇಲಿಟ್ಟು ಹೊರಗೆ ಹೋದರು.