ಅಕ್ಕನ ಮಗಳ ಮದುವೆ ಗೌನ್: ಹೊಲಿಗೆ ಎಲ್ಲಿಗೆ ಬಂತು

ಜೂನ್ 9

ಬರುವ ಜನವರಿಯಲ್ಲಿ ಅಕ್ಕನ ಮಗಳ ಮದುವೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ. 1792ರಲ್ಲಿ ಶುರುವಾದ ಚರ್ಚು ಅದು, ನಮ್ಮ ಮನೆಯ ಮದುವೆಗಳೆಲ್ಲ ಅಲ್ಲೇ ಆಗಿವೆ. ಅಮ್ಮ, ಅಕ್ಕ, ನಾನು ಮೂವರೂ ಬಿಳಿ ಸೀರೆ ಉಟ್ಟವರು. ಇವಳಿಗೆ ಗೌನ್ ಬೇಕು. "ಬಾಡಿಗೆಗೆ ತರೋದು ಬೇಡ ಚಿಕ್ಕಮ್ಮ, ನೀವೇ ಹೊಲಿದು ಕೊಡಿ" ಅಂದಳು.

ನಾನು ಬ್ಲೌಸ್ ಹೊಲಿಯುವವಳು. ಅದೂ ಮನೆಯವರಿಗೆ, ಅಕ್ಕಪಕ್ಕದವರಿಗೆ, ಇಷ್ಟಕ್ಕೋಸ್ಕರ. ಚರ್ಚಿನಲ್ಲಿ ಮಕ್ಕಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವಾಗ ಹಾಕುವ ಫ್ರಾಕ್‌ಗಳನ್ನು ಹೊಲಿದಿದ್ದೇನೆ. ಗೌನ್ ಇದೇ ಮೊದಲು. ಒಂದು ರಾತ್ರಿ ಯೋಚಿಸಿ ಒಪ್ಪಿಕೊಂಡೆ.

ದೊಡ್ಡಮ್ಮನಿಗೆ ಮಾತ್ರ ಬೇಜಾರು. "ಗೌನ್ ನಮ್ಮದಲ್ಲ" ಅಂದರು. ಇಂಗ್ಲೆಂಡಿನಲ್ಲೂ ಬಿಳಿ ಗೌನ್ ತೀರಾ ಹಳೆಯ ಸಂಪ್ರದಾಯ ಅಲ್ಲ ಅಂತ ಹೇಳಿದೆ. ಮೊದಲೆಲ್ಲ ಮದುಮಗಳು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕುತ್ತಿದ್ದಳು, ಬಣ್ಣ ಯಾವುದಾದರೂ ನಡೆಯುತ್ತಿತ್ತು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಬಿಳಿ ರೇಷ್ಮೆ, ಹಾನಿಟನ್ ಲೇಸ್ ತೊಟ್ಟು ಮದುವೆಯಾದ ಮೇಲೆ ಬಿಳಿಗೆ ಬೆಲೆ ಬಂತು. ಸಂಜೆ ನಮ್ಮ ಕಡೆಯ ಮದುವೆಯ ಕೆಂಪು ಸೀರೆ, ಸಾಡೊ, ಉಟ್ಟೇ ಉಡುತ್ತಾಳೆ ಅಂದ ಮೇಲೆ ದೊಡ್ಡಮ್ಮ ಸುಮ್ಮನಾದರು.

ಜೂನ್ 22

ಅವಳು ತೋರಿಸಿದ ಫೋಟೋ ಮರ್ಮೇಡ್ ಗೌನಿನದು. ಮೊಣಕಾಲಿನವರೆಗೆ ಮೈಗೆ ಅಂಟಿ, ಕೆಳಗೆ ಮೀನಿನ ಬಾಲದ ಹಾಗೆ ಅರಳುವಂಥದ್ದು. ಚೆಂದವೇ. ಆದರೆ ಚರ್ಚಿನಲ್ಲಿ ಮಂಡಿಯೂರಬೇಕಲ್ವಾ? ಅವಳ ಮೊಣಕಾಲಿಗೆ ಬಿಗಿಯಾಗಿ ದುಪಟ್ಟಾ ಕಟ್ಟಿ, "ಈಗ ಮಂಡಿಯೂರಿ ಏಳು ನೋಡೋಣ" ಅಂದೆ. ಇಳಿದಳು. ಏಳುವಾಗ ಗೋಡೆ ಹಿಡಿದಳು. ಮರ್ಮೇಡ್ ಅಲ್ಲಿಗೆ ಬಿಟ್ಟೆವು.

ಬಾಲ್ ಗೌನ್ ಅವಳ ಎತ್ತರಕ್ಕೆ ಜಾಸ್ತಿಯಾಯಿತು. ಉಳಿದದ್ದು ಎ-ಲೈನ್. ಸೊಂಟದವರೆಗೆ ಕೂತು, ಅಲ್ಲಿಂದ ಕೆಳಗೆ ನಿಧಾನಕ್ಕೆ ಅಗಲವಾಗುವ ಕಟ್. ಆ ಹೆಸರನ್ನು ಬಳಕೆಗೆ ತಂದದ್ದು ಫ್ರಾನ್ಸಿನ ಉಡುಪು ವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್, 1955ರಲ್ಲಿ. ನಡೆಯಲು, ಕೂರಲು, ಮಂಡಿಯೂರಲು ಯಾವ ತೊಂದರೆಯೂ ಇಲ್ಲ. ಮೇಲ್ಭಾಗಕ್ಕೆ ಪ್ರಿನ್ಸೆಸ್ ಕಟ್, ಕೆಳಗೆ ಆರು ಕಲಿ, ಅಂದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಆರು ಉದ್ದ ತುಂಡು.

ಜುಲೈ 13

ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿದೆ. ಬ್ಲೌಸಿಗೆ ನಾನು ಯಾವತ್ತೂ ಹೀಗೆ ಮಾಡಿದವಳಲ್ಲ. ಇದಕ್ಕೆ ಮಾಡಿದ್ದು ಒಳ್ಳೆಯದಾಯಿತು. ಅವಳು ಕೈ ಎತ್ತಿದಾಗೆಲ್ಲ ಮೇಲ್ಭಾಗ ಕೆಳಗೆ ಜಾರುತ್ತಿತ್ತು. ಭುಜ ಬಿಗಿ ಮಾಡಿದೆ, ಕಂಕುಳಲ್ಲಿ ಹಿಡಿಯಿತು. ಟಕ್ಸ್ ಬಿಚ್ಚಿ ಮತ್ತೆ ಹಾಕಿದೆ, ಆಗಲೂ ಜಾರಿತು. ಮೂರು ದಿನ ಇದರಲ್ಲೇ ಹೋಯಿತು.

ಆಮೇಲೆ ತಿಳಿಯಿತು, ತಪ್ಪು ಭುಜದಲ್ಲಿ ಇರಲಿಲ್ಲ. ಗೌನ್ ಭುಜದಿಂದ ನೇತಾಡಬಾರದು, ಸೊಂಟದ ಮೇಲೆ ನಿಲ್ಲಬೇಕು. ಸ್ಯಾಟಿನ್, ಲೈನಿಂಗ್, ಒಳಗಿಂದ ಉಬ್ಬಿಸುವ ಗಟ್ಟಿ ನೆಟ್ ಕ್ಯಾನ್‌ಕ್ಯಾನ್ ಎಲ್ಲ ಒಟ್ಟು ಹಾಕಿ ಕಾಫಿ ತೂಗುವ ತಕ್ಕಡಿಯಲ್ಲಿಟ್ಟರೆ ಮೂರು ಕಿಲೋ ದಾಟಿತು. ಅಷ್ಟು ಭಾರವನ್ನು ಎರಡು ಭುಜದ ಪಟ್ಟಿ ಹೇಗೆ ಹೊರುತ್ತದೆ? ಅದಕ್ಕೇ ಒಳಗಡೆ ಒಂದು ಸೊಂಟಪಟ್ಟಿ ಇರುತ್ತದೆ. ಒಂದು ಇಂಚು ಅಗಲದ, ಎಳೆದರೆ ಹಿಗ್ಗದ ಗಟ್ಟಿ ರಿಬ್ಬನ್. ಸೊಂಟದ ಹೊಲಿಗೆಗಳಿಗೆ ಒಳಗಿಂದ ಅಲ್ಲಲ್ಲಿ ಹಿಡಿಸಿ, ಹಿಂದೆ ಎರಡು ಹುಕ್ಕು. ಮೊದಲು ಇದನ್ನು ಬಿಗಿಯಾಗಿ ಹಾಕಿಕೊಳ್ಳಬೇಕು, ಜಿಪ್ ಆಮೇಲೆ. ನಮ್ಮ ಲಂಗದ ಲಾಡಿ ಸೀರೆಯ ಭಾರ ಹೊರುವುದಿಲ್ವಾ, ಹಾಗೆಯೇ.

ಪಟ್ಟಿ ಹಾಕಿದೆ. ಅವಳು ಎರಡೂ ಕೈ ಮೇಲೆತ್ತಿದಳು. ಬಟ್ಟೆ ಅಲ್ಲಾಡಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಆಗಸ್ಟ್ 18

ಬೇಸರದ ಸುದ್ದಿ. ಮೊನ್ನೆಯ ಗಾಳಿಗೆ ಹೆಂಚು ಸರಿದು, ಕತ್ತರಿಸಿ ಮಡಚಿಟ್ಟ ಹಿಂದಿನ ಕಲಿಯ ಮೇಲೆ ರಾತ್ರಿಯೆಲ್ಲ ನೀರು ತೊಟ್ಟಿಕ್ಕಿದೆ. ಬೆಳಿಗ್ಗೆ ನೋಡಿದರೆ ಅಂಗೈ ಅಗಲದ ಕಂದು ಕಲೆ. ಕಾಫಿ ಚೆಲ್ಲಿದ ಹಾಗಿತ್ತು. ತೊಳೆದಷ್ಟೂ ಅಂಚು ಹರಡಿತು.

ಆ ಇಡೀ ದಿನ ನೆನಪಿಗೆ ಬಂದವರು ಆ್ಯನ್ ಲೋ. 1953ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರನ್ನು ಮದುವೆಯಾದ ಜಾಕ್ವೆಲಿನ್ ಅವರ ಗೌನ್ ಹೊಲಿದವರು. ಕಪ್ಪು ವರ್ಣದ ಹೆಣ್ಣುಮಗಳು, ಹೊಲಿಗೆ ಕಲಿತದ್ದು ಅಮ್ಮ, ಅಜ್ಜಿಯಿಂದ. ಮದುವೆಗೆ ಹತ್ತು ದಿನ ಇದೆ ಅನ್ನುವಾಗ ಅವರ ಹೊಲಿಗೆ ಕೋಣೆಯಲ್ಲಿ ನೀರಿನ ಪೈಪ್ ಒಡೆದು ಮದುಮಗಳ ಗೌನೂ ಜೊತೆಯವರ ಉಡುಪುಗಳೂ ಹಾಳಾದವು. ಎರಡು ತಿಂಗಳ ಕೆಲಸ ನೀರಲ್ಲಿ ಹೋಯಿತು. ಮದುಮಗಳ ಮನೆಯವರಿಗೆ ತಿಳಿಸದೆ, ನಷ್ಟ ತಾವೇ ಹೊತ್ತು, ಎಲ್ಲವನ್ನೂ ಮತ್ತೆ ಹೊಲಿದು ಕೊಟ್ಟರು. ಆಗಿನ ಹೆಚ್ಚಿನ ಪತ್ರಿಕೆಗಳು ಅವರ ಹೆಸರನ್ನೂ ಬರೆಯಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗೌನ್ ನೋಡಿದವರು ಹೊಲಿದವಳ ಹೆಸರನ್ನೂ ಕೇಳಬೇಕು.

ನನ್ನದು ಒಂದೇ ಕಲಿ. ಉಳಿದ ತುಂಡಿನಲ್ಲಿ ಕತ್ತರಿಸಿದೆ. ಬಟ್ಟೆ ಸಾಲದೆ ತಲೆಕೆಳಗು ಮಾಡಿ ಕತ್ತರಿಸಬೇಕಾಯಿತು. ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿಯೇ ಕಂಡಿತು. ಜಗಲಿಗೆ ತಂದರೆ ಆ ಒಂದು ಕಲಿ ಮಾತ್ರ ಮಂಕು. ಸ್ಯಾಟಿನ್ನಿನ ಹೊಳಪಿಗೆ ದಿಕ್ಕಿದೆ. ಎಲ್ಲ ತುಂಡೂ ಒಂದೇ ಕಡೆ ತಲೆ ಇಟ್ಟಿರಬೇಕು. ಮೈಸೂರಿನ ಅಂಗಡಿಗೆ ಫೋನ್ ಮಾಡಿದೆ. ಅದೇ ರೋಲ್‌ನಲ್ಲಿ ಮೂರು ಮೀಟರ್ ಉಳಿದಿತ್ತು. ಬೇರೆ ರೋಲ್ ಆಗಿದ್ದರೆ ಐವರಿ ಬಣ್ಣದಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಬರುತ್ತಿತ್ತು. ಬೆಳಗಿನ ಬಸ್ಸಿಗೆ ಹೋಗಿ ತಂದೆ.

ಈಗ ಬಟ್ಟೆ ಇರುವುದು ಗಾದ್ರೆಜ್ ಬೀರುವಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿಲ್ಲ, ನಮ್ಮ ಮಳೆಗೆ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ.

ಅಕ್ಟೋಬರ್ 12

ಬಿಸಿಲು ಬಂತು, ಕೆಲಸ ಓಡಿತು. ಸೂಜಿ 11ನೇ ನಂಬರ್, ಪ್ರತಿ ಎರಡು ಕಲಿಗೆ ಹೊಸದು. ಗುಂಡುಪಿನ್ನು ಮಾರ್ಜಿನ್ನಿನಲ್ಲಿ ಮಾತ್ರ, ಯಾಕೆಂದರೆ ಸ್ಯಾಟಿನ್ನಿಗೆ ಚುಚ್ಚಿದ ತೂತು ಮುಚ್ಚುವುದಿಲ್ಲ.

ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಟ್ರೇಲ್ ಎಷ್ಟು ಉದ್ದ ಅಂತ ಮನೆಯಲ್ಲಿ ದೊಡ್ಡ ಚರ್ಚೆ. 1981ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರ ಮದುವೆಗೆ ಡೇವಿಡ್ ಮತ್ತು ಎಲಿಜಬೆತ್ ಇಮ್ಯಾನ್ಯುಯೆಲ್ ಹೊಲಿದದ್ದು 25 ಅಡಿಯದು. ಗಾಡಿಯೊಳಗೆ ತುರುಕಿ ಟಫೆಟಾ ಸುಕ್ಕುಗಟ್ಟಿ ಹೋಗಿತ್ತು. ನಮ್ಮ ಹುಡುಗಿ ಬರುವುದು ಆಲ್ಟೋ ಕಾರಿನಲ್ಲಿ. ಕಾಫಿ ಕಣದಲ್ಲಿ ಅವಳ ಸೊಂಟಕ್ಕೆ ಬೆಡ್‌ಶೀಟ್ ಸಿಕ್ಕಿಸಿ ಆ ತುದಿಯಿಂದ ಈ ತುದಿಗೆ ನಡೆಸಿದೆ. ಒಂದೂವರೆ ಮೀಟರ್ ಸಾಕು ಅಂತ ಅಕ್ಕನೂ ಒಪ್ಪಿದಳು. ಊಟದ ಹೊತ್ತಿಗೆ ಎತ್ತಿ ಹಿಂದೆ ಸಿಕ್ಕಿಸಲು ಒಳಗೆ ಮೂರು ಲೂಪ್ ಇಟ್ಟೆ. ಎತ್ತಿ ಸಿಕ್ಕಿಸಿದಾಗ ಮಡಿಕೆಗಳು ಹಿಂದೆ ಬಿದ್ದದ್ದು ನೋಡಿ ಪಕ್ಕದ ತೋಟದ ಕೊಡವತಿ ಆಂಟಿ, "ನಮ್ಮ ಸೀರೆ ನೆರಿಗೆ ಹಾಗೇ ಕಾಣ್ತದಲ್ಲ" ಅಂದರು.

ನವೆಂಬರ್ 9

ತೋಳು ಅಕ್ಕನ ಮದುವೆ ಸೀರೆಯದು. ಅವಳೇ ತಂದುಕೊಟ್ಟಳು. ಬಿಡಿಸಿದರೆ ಮಡಿಕೆ ಬಿದ್ದಲ್ಲೆಲ್ಲ ರೇಷ್ಮೆ ಬಿರಿದಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಹಾಗೆಯೇ. ಗಟ್ಟಿ ಇರುವ ಭಾಗ ಆರಿಸಿ, ಕೆಳಗೆ ನೆಟ್ ಕೊಟ್ಟು, ಕೈಯಲ್ಲೇ ಹಿಡಿಸಿದೆ. ಲೇಸಿನ ಹೂಗಳನ್ನು ಒಂದೊಂದಾಗಿ ಕತ್ತರಿಸಿ ಹೊಲಿಗೆಯ ಮೇಲೆ ಕೂರಿಸಿದ್ದೇನೆ. ಜೋಡಿಸಿದ್ದು ಎಲ್ಲಿ ಅಂತ ಗೊತ್ತಾಗುವುದಿಲ್ಲ. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರನ್ನು ಮದುವೆಯಾದ ಕೇಟ್ ಅವರಿಗೆ ವಿನ್ಯಾಸಕಿ ಸಾರಾ ಬರ್ಟನ್ ಮಾಡಿದ ಗೌನಿನ ಲೇಸ್ ಹಚ್ಚಿದವರು ಅರ್ಧ ಗಂಟೆಗೊಮ್ಮೆ ಕೈ ತೊಳೆದು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರಂತೆ. ನಾನೂ ಬಕೆಟ್, ಸೋಪು, ಟವೆಲ್ ಪಕ್ಕದಲ್ಲೇ ಇಟ್ಟುಕೊಂಡೆ.

ಡಿಸೆಂಬರ್ 7

ಮೂರು ದಿನ ಗೌನ್ ನೇತುಹಾಕಿದ್ದೆ. ಕಲಿಯ ಓರೆ ಅಂಚು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅದಾದ ಮೇಲೆಯೇ ಹೆಮ್ಮಿಂಗ್. ಎಡಗಡೆ ಅರ್ಧ ಇಂಚು, ಹಿಂದೆ ಮುಕ್ಕಾಲು ಇಂಚು ಇಳಿದಿತ್ತು. ಮದುವೆಯ ಚಪ್ಪಲಿ ಹಾಕಿಸಿ, ಸ್ಟೂಲ್ ಮೇಲೆ ನಿಲ್ಲಿಸಿ, ಸ್ಕೇಲ್ ಹಿಡಿದು ಸುತ್ತಲೂ ಗುರುತು ಮಾಡಿದೆ. ಅವಳು ಒಮ್ಮೆಯೂ ಅಲ್ಲಾಡಲಿಲ್ಲ. ಕೊನೆಗೆ ಇಳಿದು, ತಾನಾಗಿಯೇ ಮಂಡಿಯೂರಿ, ಏನನ್ನೂ ಹಿಡಿಯದೆ ಎದ್ದು ನಿಂತಳು.

ಬೆನ್ನಿಗೆ ಬಟ್ಟೆ ಸುತ್ತಿದ 30 ಗುಂಡಿ. ಅವಕ್ಕೆ ಆ ಕಲೆಯಾದ ಕಲಿಯ ಒಳ್ಳೆಯ ಭಾಗವನ್ನೇ ಬಳಸುತ್ತಿದ್ದೇನೆ. 19 ಮುಗಿದಿವೆ. ಕಣದಲ್ಲಿ ಕಾಫಿ ಹರಡಿದೆ, ಹಗಲೆಲ್ಲ ಅದರ ಕೆಲಸ. ಉಳಿದ 11ಕ್ಕೆ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಜಗಲಿಯ ಬೆಳಕಿನಲ್ಲಿ ಕೂರುತ್ತೇನೆ.