ಇವತ್ತು ಮೇಲ್ಹಲಗೆ ಮುಚ್ಚಿದೆ

ನಾಲ್ಕು ತಿಂಗಳಿಂದ ಕೆತ್ತುತ್ತಿದ್ದ ಸೆಮಿ-ಹಾಲೋ ಬೇಸ್ ಗಿಟಾರಿಗೆ ಇವತ್ತು ಮೇಲ್ಹಲಗೆ ಅಂಟಿಸಿದೆ. ಸುತ್ತ ಕ್ಲ್ಯಾಂಪುಗಳು. ನಾಳೆ ಬೆಳಿಗ್ಗೆಯವರೆಗೆ ಅವನ್ನು ಬಿಚ್ಚುವ ಹಾಗಿಲ್ಲ.

ಸೆಮಿ-ಹಾಲೋ ಅಂದರೆ ಪೂರ್ತಿ ಪೊಳ್ಳಲ್ಲ. ಎರಡು ಬದಿ ಮಾತ್ರ ಟೊಳ್ಳು, ನಡುವೆ ಕತ್ತಿನ ಬುಡದಿಂದ ಬಾಲದವರೆಗೆ ಗಟ್ಟಿ ಮೇಪಲ್ ದಿಮ್ಮಿ. ನಾಲ್ಕು ತಂತಿಗಳ ಎಳೆತ ಒಟ್ಟು 70 ಕಿಲೋ ದಾಟಬಹುದು, ಅದನ್ನು ತಡೆಯುವುದು ಆ ದಿಮ್ಮಿಯೇ. ಆಂಪ್ಲಿಫೈಯರ್ ಎದುರು ನಿಂತಾಗ ಗುಂಯ್ ಎನ್ನುವ ಫೀಡ್‌ಬ್ಯಾಕ್ ಕಡಿಮೆಯಾಗುವುದೂ ಅದರಿಂದಲೇ. ಗಿಬ್ಸನ್ 1958ರಲ್ಲಿ ಇಎಸ್-335 ಗಿಟಾರನ್ನೂ ಇಬಿ-2 ಬೇಸನ್ನೂ ಇದೇ ಉಪಾಯದಲ್ಲಿ ತಂದಿತ್ತು. ಇಬಿ-2ರಲ್ಲಿ ಮಿಡಿಯುವ ತಂತಿಯ ಉದ್ದ 30.5 ಇಂಚು. ನನಗೆ 34 ಇಂಚೇ ಬೇಕಿತ್ತು, ಕೆಳಗಿನ ಇ ತಂತಿ ಬಿಗಿಯಾಗಿ ಮಾತಾಡಬೇಕು.

ಫ್ರೆಟ್, ಅಂದರೆ ಕತ್ತಿನ ಮೇಲೆ ಸ್ವರ ಗುರುತಿಸುವ ಅಡ್ಡ ಲೋಹದ ಪಟ್ಟಿ, ಅದರ ಗುರುತು ಹಾಕಲು ಎರಡು ಭಾನುವಾರ ಹೋಯಿತು. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತಾ ಹೋಗಬೇಕು, ಹನ್ನೆರಡನೆಯದು ಸರಿಯಾಗಿ 17 ಇಂಚಿಗೆ ಬಂದು ಕೂರಬೇಕು. ಪ್ರತಿಯೊಂದನ್ನೂ ನಟ್‌ನಿಂದಲೇ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದಲೇ ಅಳೆದೆ. ಹಿಂದಿನ ಗುರುತಿನಿಂದ ಅಳೆದರೆ ಕೂದಲೆಳೆ ತಪ್ಪೂ ಕೂಡುತ್ತಾ ಹೋಗುತ್ತದೆ.

ಮುಚ್ಚುವ ಮುಂಚೆ ವೈರಿನ ದಾರಿ ಕೊರೆದಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿದೆ. ಒಳಗಿನ ಮರವನ್ನೂ ನುಣ್ಣಗೆ ಉಜ್ಜಿದ್ದೆ, ಯಾರೂ ನೋಡದ ಜಾಗ. ಮೇಲ್ಹಲಗೆಯಲ್ಲಿ ಎಫ್ ಆಕಾರಕ್ಕೆ ಕೊರೆದ ಎಫ್-ಹೋಲ್‌ನಲ್ಲಿ ಒಂದು ಪಟ್ಟಿಯಷ್ಟು ಮಾತ್ರ ಕಾಣುತ್ತದೆ. ಆದರೂ ಅದು ಹಾಗೇ ಇರಬೇಕು ಅನ್ನಿಸಿತು.

ಈಗ ಬೆರಳಿಂದ ಮೆಲ್ಲಗೆ ತಟ್ಟಿದೆ. ನಡುವೆ ಟಕ್, ಬದಿಯಲ್ಲಿ ದುಮ್.